ಮಾರ್ಚ್‌ನಲ್ಲಿ ಕೊಳ್ಳುವುದೋ, ಏಪ್ರಿಲ್‌ಗೆ ಕಾಯುವುದೋ: ಎನ್‌ಎಫ್‌ಎಲ್ ತಂಡ ಕಟ್ಟುವ ದಾರಿಗಳ ಹೋಲಿಕೆ

ಫೆಬ್ರವರಿಯಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಫೈನಲ್ ಆದ ಸೂಪರ್ ಬೌಲ್ ಮುಗಿದರೆ ಅಮೆರಿಕನ್ ಫುಟ್‌ಬಾಲ್ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಳ್ಳುವವರು ಬಹಳ ಜನ. ಆದರೆ ಮುಂದಿನ ವರ್ಷದ ಸೋಲು ಗೆಲುವಿನ ಬಹುಪಾಲು ತೀರ್ಮಾನವಾಗುವುದು ಅದರ ನಂತರದ ಎರಡೂವರೆ ತಿಂಗಳಲ್ಲಿ. ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂ ಆಸುಪಾಸಿನಲ್ಲಿ ನೆಲೆಸಿ ಫಾರ್ಟಿನೈನರ್ಸ್ ಅಭಿಮಾನಿಗಳಾದ ಕನ್ನಡಿಗರಿರಲಿ, ಸೋಮವಾರ ನಸುಕಿನಲ್ಲಿ ಎದ್ದು ಬೆಂಗಳೂರಿನಿಂದಲೇ ಫೈನಲ್ ನೋಡುವವರಿರಲಿ, ಈ ದಿನಗಳಲ್ಲಿ ಕೇಳುವುದು ಒಂದೇ ಬಗೆಯ ಪ್ರಶ್ನೆ. ನಮ್ಮ ತಂಡ ದುಡ್ಡು ಸುರಿದು ಹೆಸರಾಂತ ಆಟಗಾರರನ್ನು ಕೊಳ್ಳಬೇಕೇ? ಡ್ರಾಫ್ಟ್‌ನಲ್ಲಿ ಕಾಲೇಜು ಹುಡುಗರನ್ನು ಆರಿಸಿ ಬೆಳೆಸಬೇಕೇ? ಅಥವಾ ಪಿಕ್‌ಗಳನ್ನೇ (ಡ್ರಾಫ್ಟ್‌ನಲ್ಲಿ ಆರಿಸುವ ಸರದಿಗಳನ್ನೇ) ಬೇರೆ ತಂಡಕ್ಕೆ ಬಿಟ್ಟುಕೊಟ್ಟು ಸಿದ್ಧ ತಾರೆಯೊಬ್ಬರನ್ನು ತರಬೇಕೇ?

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಜಾರಿನಲ್ಲಿ ದುಬಾರಿಯಾದ ಸ್ಥಾನಗಳಿಗೆ ಆಟಗಾರರು ಡ್ರಾಫ್ಟ್‌ನಿಂದ ಬರಬೇಕು, ಅಗ್ಗವಾದ ಸ್ಥಾನಗಳಿಗೆ ಫ್ರೀ ಏಜೆನ್ಸಿಯಿಂದ, ಅಂದರೆ ಒಪ್ಪಂದ ಮುಗಿದ ಆಟಗಾರರ ಬಾಜಾರಿನಿಂದ, ಬರಬೇಕು. ಈ ಲೆಕ್ಕ ಎಷ್ಟು ಸಡಿಲ, ಎಷ್ಟು ಬಿಗಿ ಎಂಬುದು ಕ್ವಾರ್ಟರ್‌ಬ್ಯಾಕ್‌ನ (ಚೆಂಡೆಸೆದು ದಾಳಿ ನಡೆಸುವ ಆಟಗಾರನ) ಸಂಬಳದ ಮೇಲೆ ನಿಂತಿದೆ.

ಹೊಸಬರಿಗಾಗಿ ಕ್ಯಾಲೆಂಡರನ್ನು ಒಮ್ಮೆ ನೋಡಿಬಿಡೋಣ. ಒಪ್ಪಂದ ಮುಗಿದ ಆಟಗಾರರ ಏಜೆಂಟರ ಜೊತೆ ಮಾತುಕತೆ ಶುರುವಾಗುವುದು ಮಾರ್ಚ್ ಮಧ್ಯದ ಒಂದು ಸೋಮವಾರ ಮಧ್ಯಾಹ್ನ. ಸಹಿ ಹಾಕಲು ಅವಕಾಶ ಸಿಗುವುದು ಬುಧವಾರ ಸಂಜೆ ನಾಲ್ಕಕ್ಕೆ, ಅಮೆರಿಕದ ಪೂರ್ವ ಕರಾವಳಿಯ ಸಮಯ. ಏಪ್ರಿಲ್ ಕೊನೆಯಲ್ಲಿ ಮೂರು ದಿನ, ಏಳು ಸುತ್ತಿನ ಡ್ರಾಫ್ಟ್. ಹಿಂದಿನ ಸೀಸನ್ನಿನಲ್ಲಿ ಹೆಚ್ಚು ಸೋತವರಿಗೆ ಮೊದಲ ಸರದಿ. ಕೊಳ್ಳುವುದು ಮೊದಲು, ಆರಿಸುವುದು ಆಮೇಲೆ ಎಂಬ ಈ ಕ್ರಮವೇ ಅರ್ಧ ತಂತ್ರವನ್ನು ನಿರ್ಧರಿಸುತ್ತದೆ. ಮಾರ್ಚ್‌ನಲ್ಲಿ ಗಾರ್ಡ್ (ಮುಂಸಾಲಿನಲ್ಲಿ ತಡೆಯೊಡ್ಡುವ ಆಟಗಾರ) ಸ್ಥಾನ ತುಂಬಿಕೊಳ್ಳದ ತಂಡ ಏಪ್ರಿಲ್‌ನಲ್ಲಿ ಅದಕ್ಕಿಂತ ಒಳ್ಳೆಯ ಆಟಗಾರ ಕಣ್ಣೆದುರು ಇದ್ದರೂ ಗಾರ್ಡ್‌ನನ್ನೇ ಆರಿಸುವ ಒತ್ತಡಕ್ಕೆ ಬೀಳುತ್ತದೆ.

ಐಪಿಎಲ್ ನೋಡಿ ಪಳಗಿದ ಕಣ್ಣಿಗೆ ಇಲ್ಲಿ ಒಂದು ವಿಷಯ ಗೊಂದಲ ತರುತ್ತದೆ. 2024ರ ನವೆಂಬರಿನ ಮೆಗಾ ಹರಾಜಿಗೆ ಆರ್‌ಸಿಬಿ ಬರೀ ಮೂವರನ್ನು ಉಳಿಸಿಕೊಂಡು ಹೋಯಿತು, ಉಳಿದ ತಂಡವನ್ನು ಹೊಸದಾಗಿ ಕಟ್ಟಿತು, 2025ರಲ್ಲಿ ಕಪ್ ಗೆದ್ದಿತು. ಐಪಿಎಲ್‌ನಲ್ಲಿ ಆಟಗಾರನನ್ನು ಬಿಟ್ಟರೆ ಅವನ ಬೆಲೆ ಪೂರ್ತಿಯಾಗಿ ಪರ್ಸ್‌ಗೆ ಮರಳುತ್ತದೆ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ. ಒಬ್ಬ ಆಟಗಾರನಿಗೆ ನಾಲ್ಕು ವರ್ಷದ ಒಪ್ಪಂದ, 2 ಕೋಟಿ ಡಾಲರ್ ಸಹಿ ಬೋನಸ್ ಕೊಟ್ಟಿದ್ದೀರಿ ಎನ್ನಿ. ದುಡ್ಡು ಅವನ ಕೈ ಸೇರಿತು. ಆದರೆ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿ) ಲೆಕ್ಕದಲ್ಲಿ ಅದನ್ನು ವರ್ಷಕ್ಕೆ 50 ಲಕ್ಷದಂತೆ ಹಂಚಿ ಬರೆಯಲಾಗುತ್ತದೆ. ಎರಡು ವರ್ಷವಾದ ಮೇಲೆ ಅವನು ಬೇಡವಾದರೆ, ಇನ್ನೂ ಬರೆಯದ 1 ಕೋಟಿ ಒಟ್ಟಿಗೆ ನಿಮ್ಮ ಲೆಕ್ಕಕ್ಕೆ ಬಂದು ಕೂರುತ್ತದೆ. ಅದೇ ಡೆಡ್ ಮನಿ: ತಂಡದಲ್ಲಿ ಇಲ್ಲದವನಿಗಾಗಿ ಕಟ್ಟುವ ಬಾಕಿ. ಡೆನ್ವರ್ ಬ್ರಾಂಕೋಸ್ 2024ರ ಮಾರ್ಚ್‌ನಲ್ಲಿ ರಸೆಲ್ ವಿಲ್ಸನ್ ಅವರನ್ನು ಬಿಟ್ಟಾಗ ಎರಡು ವರ್ಷಗಳಲ್ಲಿ ಹೊರಬೇಕಾಗಿ ಬಂದ ಡೆಡ್ ಮನಿ ಸುಮಾರು 8.5 ಕೋಟಿ ಡಾಲರ್. ವಿಲ್ಸನ್ ಆ ಸೀಸನ್ ಪಿಟ್ಸ್‌ಬರ್ಗ್ ಪರ ಕನಿಷ್ಠ ಸಂಬಳಕ್ಕೆ ಆಡಿದರು.

ಯಾವುದನ್ನು ತೂಗಿ ನೋಡಬೇಕು

ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಕ್ವಾರ್ಟರ್‌ಬ್ಯಾಕ್ ಬೆಲೆ. 2010ರ ಡ್ರಾಫ್ಟ್‌ನಲ್ಲಿ ಮೊದಲು ಆಯ್ಕೆಯಾದ ಸ್ಯಾಮ್ ಬ್ರಾಡ್‌ಫರ್ಡ್ ಅವರಿಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್ ಒಪ್ಪಂದ ಸಿಕ್ಕಿತ್ತು. ಮಾರನೇ ವರ್ಷ ಹೊಸಬರ ಸಂಬಳಕ್ಕೆ ಮಿತಿ ಬಂತು. 2011ರ ಮೊದಲ ಆಯ್ಕೆ ಕ್ಯಾಮ್ ನ್ಯೂಟನ್ ಅವರಿಗೆ ಸಿಕ್ಕಿದ್ದು ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಅಂದಿನಿಂದ ಆಟದ ಅರ್ಥಶಾಸ್ತ್ರವೇ ಬದಲಾಯಿತು. ಡಲ್ಲಾಸ್ ಕೌಬಾಯ್ಸ್ 2024ರಲ್ಲಿ ಡ್ಯಾಕ್ ಪ್ರೆಸ್ಕಾಟ್ ಅವರಿಗೆ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಒಪ್ಪಿಕೊಂಡಿತು. ಅದೇ ವರ್ಷ ವಾಷಿಂಗ್ಟನ್ ಡ್ರಾಫ್ಟ್ ಮಾಡಿದ ಜೇಡನ್ ಡೇನಿಯಲ್ಸ್ ಅವರ ನಾಲ್ಕೂ ವರ್ಷದ ಒಪ್ಪಂದ ಸೇರಿ 4 ಕೋಟಿ ಮುಟ್ಟುವುದಿಲ್ಲ. ಈ ಅಂತರದಲ್ಲಿ ಉಳಿಯುವ ದುಡ್ಡಿಗೆ ಮೂರು ನಾಲ್ಕು ಒಳ್ಳೆಯ ಆಟಗಾರರು ಬರುತ್ತಾರೆ. ಡೆನ್ವರ್ ಕೂಡ ಅಷ್ಟು ದೊಡ್ಡ ಬಾಕಿ ಹೊತ್ತು 2024ರಲ್ಲಿ ಪ್ಲೇಆಫ್ ಸೇರಿದ್ದು ರೂಕಿ (ಮೊದಲ ವರ್ಷದ) ಕ್ವಾರ್ಟರ್‌ಬ್ಯಾಕ್ ಬೋ ನಿಕ್ಸ್ ಅವರ ಅಗ್ಗದ ಒಪ್ಪಂದದ ಬಲದಿಂದ.

ಎರಡನೆಯದು ಕ್ಯಾಪ್‌ನಲ್ಲಿ ನಿಜವಾಗಿ ಎಷ್ಟು ಜಾಗವಿದೆ ಎಂಬುದು. ಕ್ಯಾಪ್ 1994ರಲ್ಲಿ 3.46 ಕೋಟಿ ಡಾಲರ್‌ನಿಂದ ಶುರುವಾಗಿ 2023ಕ್ಕೆ 22.48 ಕೋಟಿ, 2025ಕ್ಕೆ 27.92 ಕೋಟಿ ಆಗಿದೆ. ಹೀಗೆ ಏರುತ್ತಿರುವಾಗ ಇಂದಿನ ದುಬಾರಿ ಒಪ್ಪಂದ ಎರಡು ವರ್ಷದ ಮೇಲೆ ಸಾಧಾರಣವಾಗಿ ಕಾಣುವುದೂ ಉಂಟು. ಆದರೆ ಪತ್ರಿಕೆಗಳಲ್ಲಿ ಕಾಣುವ ಮೊತ್ತ ಪೂರ್ತಿ ಖರ್ಚಿಗೆ ಸಿಗುವುದಲ್ಲ. ಡ್ರಾಫ್ಟ್ ಹುಡುಗರ ಸಂಬಳ, ಸೀಸನ್ ನಡುವೆ ಗಾಯಗೊಂಡವರ ಬದಲಿಗೆ ಬರುವವರ ಸಂಬಳ, ನಿಮ್ಮದೇ ಒಳ್ಳೆಯ ಆಟಗಾರರ ಒಪ್ಪಂದ ವಿಸ್ತರಣೆ, ಇವಿಷ್ಟನ್ನೂ ಅದರಲ್ಲೇ ತೆಗೆದಿಡಬೇಕು.

ಮೂರನೆಯದು ಯಾವ ಸ್ಥಾನ ಖಾಲಿಯಿದೆ ಎಂಬುದು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗುವ ಒಳ್ಳೆಯ ಎಡ ಟ್ಯಾಕಲ್, ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವ ಎಡ್ಜ್ ರಷರ್, ಎಸೆತ ಹಿಡಿಯುವ ಮೊದಲ ದರ್ಜೆಯ ರಿಸೀವರ್, ಇವರು ಬಾಜಾರಿಗೆ ಬರುವುದೇ ಅಪರೂಪ; ಬರುವ ಮುಂಚೆಯೇ ಅವರ ತಂಡ ಫ್ರಾಂಚೈಸ್ ಟ್ಯಾಗ್ (ಇನ್ನೊಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು) ಹಾಕಿಯೋ ಹೊಸ ಒಪ್ಪಂದ ಕೊಟ್ಟೋ ಕಟ್ಟಿಹಾಕಿರುತ್ತದೆ. ಚೆಂಡು ಹಿಡಿದು ಓಡುವ ರನ್ನಿಂಗ್ ಬ್ಯಾಕ್, ರಕ್ಷಣೆಯಲ್ಲಿ ಆಡುವ ಸೇಫ್ಟಿ, ಒಳ ಲೈನ್‌ಬ್ಯಾಕರ್‌ಗಳು ಪ್ರತಿ ಮಾರ್ಚ್‌ನಲ್ಲೂ ಸಿಗುತ್ತಾರೆ. ಕೊನೆಯದು ಸಮಯ. ನಿಮ್ಮ ಮುಖ್ಯ ಆಟಗಾರರ ವಯಸ್ಸು ಎಷ್ಟು, ಮಾಲೀಕರಿಗೆ ತಾಳ್ಮೆ ಎಷ್ಟು.

ಮಾರ್ಚ್‌ನಲ್ಲಿ ದುಡ್ಡು ಸುರಿಯುವ ದಾರಿ

ಅಭಿಮಾನಿಗಳಿಗೆ ಅತಿ ಹೆಚ್ಚು ಖುಷಿ ಕೊಡುವ ದಾರಿ ಇದು, ಅತಿ ಹೆಚ್ಚು ಸಲ ಕೈಕೊಡುವುದೂ ಇದೇ. ಕಾರಣ ಸರಳ. ಬಾಜಾರಿಗೆ ಬಂದ ಆಟಗಾರನ ಮಂಡಿ, ಅವನ ಅಭ್ಯಾಸದ ಶಿಸ್ತು, ಡ್ರೆಸಿಂಗ್ ರೂಮಿನ ನಡವಳಿಕೆ, ಎಲ್ಲ ಬಲ್ಲ ತಂಡವೇ ಅವನನ್ನು ಬಿಟ್ಟುಕೊಟ್ಟಿದೆ. ಹೊರಗಿನವರಲ್ಲಿ ಅತಿ ಹೆಚ್ಚು ಕೂಗಿದವನು ಅವನ ಹಳೆಯ ಸಾಧನೆಗೆ ಬೆಲೆ ಕಟ್ಟುತ್ತಾನೆ. ವಾಷಿಂಗ್ಟನ್ 2009ರಲ್ಲಿ ಆಲ್ಬರ್ಟ್ ಹೇನ್ಸ್‌ವರ್ತ್ ಅವರಿಗೆ ಏಳು ವರ್ಷಕ್ಕೆ 10 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು, ಅದರಲ್ಲಿ 4.1 ಕೋಟಿ ಗ್ಯಾರಂಟಿ. ಅವರು ಆಡಿದ್ದು 20 ಪಂದ್ಯ. 2011ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ಒಂದಾದ ಮೇಲೊಂದು ದೊಡ್ಡ ಹೆಸರು ತಂದಾಗ ಕನಸಿನ ತಂಡ ಎಂಬ ಮಾತೇ ಹುಟ್ಟಿತು. ಸೀಸನ್ ಮುಗಿದಾಗ ಎಂಟು ಗೆಲುವು, ಎಂಟು ಸೋಲು.

ಆದರೆ ಈ ದಾರಿಯನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸಿಲ್ಲ, ಏಕೆಂದರೆ ಟಂಪಾ ಬೇ ಬಕನಿಯರ್ಸ್ ಕಥೆ ಕಣ್ಣೆದುರಿಗಿದೆ. 2020ರ ಮಾರ್ಚ್‌ನಲ್ಲಿ ಅವರು ಟಾಮ್ ಬ್ರೇಡಿ ಅವರನ್ನು ಎರಡು ವರ್ಷಕ್ಕೆ 5 ಕೋಟಿ ಡಾಲರ್ ಕೊಟ್ಟು ತಂದರು. ಹಿಂದೆಯೇ ರಾಬ್ ಗ್ರಾಂಕೌಸ್ಕಿ, ಲೆನರ್ಡ್ ಫೋರ್ನೆಟ್, ಆಂಟೋನಿಯೊ ಬ್ರೌನ್ ಬಂದರು. ಆ ಸೀಸನ್ನಿನ ಸೂಪರ್ ಬೌಲ್‌ನಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ವಿರುದ್ಧ 31–9 ಗೆಲುವು. ಟಂಪಾದ ನಾಲ್ಕೂ ಟಚ್‌ಡೌನ್ ಹೊಡೆದದ್ದು ಆ ವರ್ಷ ಬಂದ ಈ ಮೂವರೇ. ಅಲ್ಲಿಗೆ ನಿಲ್ಲಿಸಿದರೆ ಕೊಳ್ಳುವ ದಾರಿಯೇ ಸರಿ ಎನಿಸುತ್ತದೆ. ಅದೇ ಪಂದ್ಯದ ಇನ್ನೊಂದು ಬದಿ ನೋಡಿ: ಪ್ಯಾಟ್ರಿಕ್ ಮಹೋಮ್ಸ್ ಅವರಂಥ ಕ್ವಾರ್ಟರ್‌ಬ್ಯಾಕ್‌ಗೆ ಒಂದೂ ಟಚ್‌ಡೌನ್ ಬಿಟ್ಟುಕೊಡದ ರಕ್ಷಣೆಯಲ್ಲಿ ಲವಾಂಟೆ ಡೇವಿಡ್, ಡೆವಿನ್ ವೈಟ್, ಕಾರ್ಲ್‌ಟನ್ ಡೇವಿಸ್, ಹಿಂದಿನ ಸಾಲಿನ ಹುಡುಗರು ಬಹುತೇಕ ಎಲ್ಲರೂ ಟಂಪಾ ತಾನೇ ಡ್ರಾಫ್ಟ್ ಮಾಡಿ ಬೆಳೆಸಿದವರು. ಬ್ರೇಡಿ ಬಂದ ಮರುತಿಂಗಳ ಡ್ರಾಫ್ಟ್‌ನಲ್ಲೇ ಟ್ಯಾಕಲ್ ಟ್ರಿಸ್ಟನ್ ವರ್ಫ್ಸ್ ಮತ್ತು ಸೇಫ್ಟಿ ಆಂಟ್ವಾನ್ ವಿನ್‌ಫೀಲ್ಡ್ ಜೂನಿಯರ್ ಸೇರಿದರು. ಕೊಂಡು ತಂದವರು ಗೋಪುರವಾದರು. ಗೋಡೆ ಆಗಲೇ ಎದ್ದಿತ್ತು. ಸಿಯಾಟಲ್ ಸೀಹಾಕ್ಸ್ 2013ರಲ್ಲಿ ಕ್ಲಿಫ್ ಏವ್ರಿಲ್, ಮೈಕಲ್ ಬೆನೆಟ್ ಇಬ್ಬರನ್ನು ತಂದದ್ದೂ ಹೀಗೆಯೇ. ಮೂರನೇ ಸುತ್ತಿನಲ್ಲಿ ಸಿಕ್ಕ ಕ್ವಾರ್ಟರ್‌ಬ್ಯಾಕ್ ತೀರಾ ಕಡಿಮೆ ಸಂಬಳಕ್ಕೆ ಆಡುತ್ತಿದ್ದರು, ರಕ್ಷಣೆ ಸಿದ್ಧವಾಗಿತ್ತು, ಸೂಪರ್ ಬೌಲ್‌ನಲ್ಲಿ 43–8.

ಆದ್ದರಿಂದ ಈ ದಾರಿ ಹಿಡಿಯಲು ಎರಡು ಷರತ್ತು: ತಂಡದ ಚೌಕಟ್ಟು ಮೊದಲೇ ಇರಬೇಕು, ಕ್ವಾರ್ಟರ್‌ಬ್ಯಾಕ್ ಅಗ್ಗವಾಗಿರಬೇಕು ಅಥವಾ ಬ್ರೇಡಿಯಂಥವರಾಗಿರಬೇಕು. ನಾಲ್ಕು ಗೆಲುವಿನ ತಂಡ ಖಾಲಿ ಕ್ಯಾಪ್ ಇದೆಯೆಂದು ಖರ್ಚು ಮಾಡಿದರೆ ಏಳು ಗೆಲುವು ಬರಬಹುದು, ಜೊತೆಗೆ ಡ್ರಾಫ್ಟ್ ಸರದಿಯೂ ಹಿಂದಕ್ಕೆ ಹೋಗುತ್ತದೆ.

ಡ್ರಾಫ್ಟ್ ನಂಬಿ ಕೂರುವುದು

ಬಾಲ್ಟಿಮೋರ್ ರೇವನ್ಸ್ ತಮ್ಮ ಮೊಟ್ಟಮೊದಲ ಡ್ರಾಫ್ಟ್‌ನಲ್ಲಿ, 1996ರಲ್ಲಿ, ಮೊದಲ ಸುತ್ತಿನಲ್ಲೇ ಜೊನಾಥನ್ ಆಗ್ಡನ್ ಮತ್ತು ರೇ ಲೂಯಿಸ್ ಇಬ್ಬರನ್ನೂ ಆರಿಸಿದರು. ಇಬ್ಬರೂ ಹಾಲ್ ಆಫ್ ಫೇಮ್ ಸೇರಿದರು. ಆ ತಂಡದ ಚಾಣಾಕ್ಷತನ ಕಾಣುವುದು ಇನ್ನೂ ಕಡಿಮೆ ಗಮನ ಸೆಳೆಯುವ ಕಡೆ: ಪರಿಹಾರ ಪಿಕ್‌ಗಳಲ್ಲಿ. ಒಂದು ತಂಡ ತಾನು ಕೊಂಡದ್ದಕ್ಕಿಂತ ಹೆಚ್ಚು ಅಥವಾ ಹೆಚ್ಚು ಬೆಲೆಯ ಫ್ರೀ ಏಜೆಂಟರನ್ನು ಕಳೆದುಕೊಂಡರೆ ಲೀಗ್ ಮುಂದಿನ ಡ್ರಾಫ್ಟ್‌ನ ಮೂರರಿಂದ ಏಳನೇ ಸುತ್ತಿನ ಕೊನೆಯಲ್ಲಿ ಹೆಚ್ಚುವರಿ ಪಿಕ್ ಕೊಡುತ್ತದೆ, ಒಂದು ತಂಡಕ್ಕೆ ಸಾಮಾನ್ಯವಾಗಿ ನಾಲ್ಕರವರೆಗೆ. ಬೇರೆ ತಂಡ ತಾನಾಗಿ ಕೈಬಿಟ್ಟ ಆಟಗಾರರನ್ನು ತಂದರೆ ಈ ಲೆಕ್ಕಕ್ಕೆ ಬರುವುದಿಲ್ಲ. ರೇವನ್ಸ್ ದಶಕಗಳಿಂದ ಇದನ್ನು ಕರಾರುವಾಕ್ಕಾಗಿ ಆಡುತ್ತ ಬಂದು ಈ ಪಿಕ್‌ಗಳನ್ನು ಅತಿ ಹೆಚ್ಚು ಪಡೆದ ತಂಡವಾಗಿದೆ. ಇಂಥ ಪಿಕ್‌ಗಳಲ್ಲಿ ಏನು ಸಿಕ್ಕೀತು ಎನ್ನುವವರಿಗೆ ಎರಡು ಹೆಸರು ಸಾಕು. 2000ದಲ್ಲಿ ನ್ಯೂ ಇಂಗ್ಲೆಂಡ್ ಪರಿಹಾರವಾಗಿ ಪಡೆದ 199ನೇ ಪಿಕ್‌ನಲ್ಲಿ ಬ್ರೇಡಿ ಬಂದರು. 2022ರ ಕಟ್ಟಕಡೆಯ, 262ನೇ ಪಿಕ್‌ನಲ್ಲಿ ಫಾರ್ಟಿನೈನರ್ಸ್‌ಗೆ ಬ್ರಾಕ್ ಪರ್ಡಿ ಬಂದರು. ಅದೇ ತಂಡ ಒಂದು ವರ್ಷ ಮುಂಚೆ ಮೂರನೇ ಸ್ಥಾನಕ್ಕೆ ಏರಲು ಮೊದಲ ಸುತ್ತಿನ ಪಿಕ್‌ಗಳನ್ನು ರಾಶಿ ಹಾಕಿ ಟ್ರೇ ಲ್ಯಾನ್ಸ್ ಅವರನ್ನು ತಂದಿತ್ತು. ಒಂದೇ ಪಿಕ್ ಮೇಲೆ ಎಲ್ಲವನ್ನೂ ಪಣಕ್ಕಿಡುವುದಕ್ಕಿಂತ ಹೆಚ್ಚು ಪಿಕ್ ಇಟ್ಟುಕೊಳ್ಳುವುದು ಲೇಸು ಎನ್ನಲು ಇದಕ್ಕಿಂತ ಸ್ಪಷ್ಟ ಉದಾಹರಣೆ ನನಗೆ ಕಾಣದು.

ಈ ದಾರಿಯ ಬೆಲೆ ಕಾಲ. ಡೆಟ್ರಾಯಿಟ್ ಲಯನ್ಸ್ 2021ರಲ್ಲಿ ಮೂರೇ ಪಂದ್ಯ ಗೆದ್ದಿತು. ಪೆನೆ ಸೂಅಲ್, ಅಮನ್-ರಾ ಸೇಂಟ್ ಬ್ರೌನ್, ಏಡನ್ ಹಚಿನ್ಸನ್, ಜಮೀರ್ ಗಿಬ್ಸ್, ಸ್ಯಾಮ್ ಲಾಪೋರ್ಟ, ಹೀಗೆ ಮೂರು ಡ್ರಾಫ್ಟ್ ಕೂಡಿ ಬಂದ ಮೇಲೆ 2023ರಲ್ಲಿ 12, 2024ರಲ್ಲಿ 15 ಗೆಲುವು. ನಡುವೆ ಸೋಲು ನುಂಗಿಕೊಂಡು ಕೋಚ್‌ನನ್ನು ಉಳಿಸಿಕೊಂಡ ಮಾಲೀಕರು ಎಲ್ಲ ಊರಿನಲ್ಲೂ ಇರುವುದಿಲ್ಲ. ಇನ್ನೊಂದು ತೊಂದರೆಯೂ ಉಂಟು. ಕ್ವಾರ್ಟರ್‌ಬ್ಯಾಕ್ ತನ್ನ ಉತ್ತುಂಗದಲ್ಲಿರುವಾಗಲೂ ಕೈಬಿಗಿ ಹಿಡಿದು ಕೂತರೆ ವರ್ಷಗಳು ಸುಮ್ಮನೆ ಕಳೆದುಹೋಗುತ್ತವೆ. ಗ್ರೀನ್ ಬೇ ಪ್ಯಾಕರ್ಸ್‌ನ ಮ್ಯಾನೇಜರ್ ಟೆಡ್ ಥಾಂಪ್ಸನ್ ಫ್ರೀ ಏಜೆನ್ಸಿ ಮುಟ್ಟುತ್ತಿದ್ದುದು ಕಡಿಮೆ. ಕ್ವಾರ್ಟರ್‌ಬ್ಯಾಕ್ ಆರನ್ ರಾಡ್ಜರ್ಸ್ ಅಲ್ಲಿದ್ದಷ್ಟು ಕಾಲ ಸೂಪರ್ ಬೌಲ್ ಬಂದದ್ದು ಒಂದೇ ಸಲ. ಅಪರೂಪಕ್ಕೆ ಕೈಚಾಚಿ 2006ರಲ್ಲಿ ತಂದ ಚಾರ್ಲ್ಸ್ ವುಡ್‌ಸನ್ ಆ ಗೆಲುವಿಗೆ ಆಧಾರವಾದವರಲ್ಲಿ ಒಬ್ಬರು ಎಂಬುದನ್ನು ಮರೆಯಬಾರದು.

ಪಿಕ್ ಕೊಟ್ಟು ತಾರೆಯನ್ನು ತರುವುದು

ಲಾಸ್ ಏಂಜಲಿಸ್ ರಾಮ್ಸ್ 2017ರಿಂದ 2023ರವರೆಗೆ ಒಮ್ಮೆಯೂ ಮೊದಲ ಸುತ್ತಿನಲ್ಲಿ ಆಟಗಾರನನ್ನು ಆರಿಸಲಿಲ್ಲ. 2021ರಲ್ಲಿ ಎರಡು ಮೊದಲ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನ ಪಿಕ್, ಜೊತೆಗೆ ಜ್ಯಾರೆಡ್ ಗಾಫ್ ಅವರನ್ನೂ ಡೆಟ್ರಾಯಿಟ್‌ಗೆ ಕೊಟ್ಟು ಮ್ಯಾಥ್ಯೂ ಸ್ಟ್ಯಾಫರ್ಡ್ ಅವರನ್ನು ತಂದು, ಅದೇ ಸೀಸನ್ನಿನ ಕೊನೆಗೆ ತಮ್ಮದೇ ಸ್ಟೇಡಿಯಂನಲ್ಲಿ ಸೂಪರ್ ಬೌಲ್ ಗೆದ್ದರು. ಮುಂದಿನ ವರ್ಷ ಐದು ಗೆಲುವು, ಹನ್ನೆರಡು ಸೋಲು. ನನ್ನ ಪ್ರಕಾರ ಅದು ನ್ಯಾಯವಾದ ಬೆಲೆಯೇ. ಒಂದು ಕಪ್‌ಗಾಗಿ ಒಂದು ಕೆಟ್ಟ ವರ್ಷ ಸಹಿಸದ ಅಭಿಮಾನಿ ಯಾರು? ರಾಮ್ಸ್ ಬೇಗ ಚೇತರಿಸಿಕೊಂಡದ್ದು ಮಾತ್ರ ಕೆಳ ಸುತ್ತುಗಳ ಜಾಣ್ಮೆಯಿಂದ: 2023ರ ಐದನೇ ಸುತ್ತಿನಲ್ಲಿ ಸಿಕ್ಕ ಪೂಕಾ ನಕುವಾ ಮೊದಲ ವರ್ಷದಲ್ಲೇ 1,486 ಗಜ ಗಳಿಸಿ ರೂಕಿ ದಾಖಲೆ ಬರೆದರು.

ಹೀಗೆ ಮಾಡುವವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಡೆಗೂ ನೋಡಬೇಕು. 2022ರಲ್ಲಿ ಕ್ವಾರ್ಟರ್‌ಬ್ಯಾಕ್ ಡಿಶಾನ್ ವಾಟ್ಸನ್ ಅವರಿಗಾಗಿ ಮೂರು ಮೊದಲ ಸುತ್ತಿನ ಪಿಕ್ ಕೊಟ್ಟದ್ದಲ್ಲದೆ ಐದು ವರ್ಷಕ್ಕೆ 23 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟರು. ಪಿಕ್ ಹೋದರೆ ಅಗ್ಗದ ಆಟಗಾರರು ಹೋದರು, ದುಡ್ಡು ಹೋದರೆ ದುಬಾರಿ ಆಟಗಾರರೂ ಹೋದರು. ಎರಡನ್ನೂ ಒಬ್ಬರ ಮೇಲೆ ಕಟ್ಟಬಾರದು. ವ್ಯಾಪಾರ ತಪ್ಪಿದರೆ ಮೇಲೇಳಲು ಏನೂ ಉಳಿಯುವುದಿಲ್ಲ.

ಇರುವ ತಾರೆಯನ್ನು ಬಿಟ್ಟುಕೊಡುವುದು

ಅಭಿಮಾನಿಗೆ ಇದು ಸಂಕಟದ ದಾರಿ. 2022ರ ಮಾರ್ಚ್‌ನಲ್ಲಿ ಚೀಫ್ಸ್ ತಮ್ಮ ಅತಿವೇಗದ ರಿಸೀವರ್ ಟೈರೀಕ್ ಹಿಲ್ ಅವರನ್ನು ಐದು ಪಿಕ್‌ಗೆ ಮಯಾಮಿಗೆ ಕೊಟ್ಟಾಗ ಕಾನ್ಸಾಸ್ ಸಿಟಿ ಬೇಸರಪಟ್ಟಿತು. ಹಿಲ್ ಅಲ್ಲಿ ಮೊದಲ ಎರಡು ಸೀಸನ್ನಿನಲ್ಲಿ 1,710 ಮತ್ತು 1,799 ಗಜ ಗಳಿಸಿದರು. ಆಟಗಾರನ ಮಟ್ಟಿಗೆ ಮಯಾಮಿ ಮೋಸ ಹೋಗಲಿಲ್ಲ. ಆದರೆ ಆ ಎರಡು ವರ್ಷ ಕಪ್ ಎತ್ತಿದ್ದು ಚೀಫ್ಸ್. ಮಯಾಮಿಯಿಂದ ಬಂದ 29ನೇ ಪಿಕ್ ಸೇರಿಸಿ ಮುಂದಕ್ಕೆ ಸರಿದು ಅವರು ಆರಿಸಿದ ಕಾರ್ನರ್‌ಬ್ಯಾಕ್ (ಎದುರಾಳಿ ರಿಸೀವರ್‌ಗಳನ್ನು ತಡೆಯುವವರು) ಟ್ರೆಂಟ್ ಮೆಕ್‌ಡಫಿ 2023ರಲ್ಲಿ ಆಲ್-ಪ್ರೋ, ಅಂದರೆ ವರ್ಷದ ಶ್ರೇಷ್ಠರ ತಂಡಕ್ಕೆ ಆಯ್ಕೆ, ಆದರು. 2024ರ ಜನವರಿಯ ಮೈ ಕೊರೆಯುವ ಚಳಿಯಲ್ಲಿ, ಕಾನ್ಸಾಸ್ ಸಿಟಿಯಲ್ಲೇ, ಪ್ಲೇಆಫ್‌ನಲ್ಲಿ ಹಿಲ್ ಅವರ ಮಯಾಮಿಯನ್ನು 26–7ರಿಂದ ಮನೆಗೆ ಕಳಿಸಿದರು. ನಿಮ್ಮ ಕ್ವಾರ್ಟರ್‌ಬ್ಯಾಕ್ ದುಬಾರಿಯಾಗಿದ್ದು, ರಿಸೀವರ್ ಕೂಡ ವರ್ಷಕ್ಕೆ 3 ಕೋಟಿ ಕೇಳುತ್ತಿದ್ದರೆ, ಮಹೋಮ್ಸ್‌ರಂಥ ಆಟಗಾರ ನಿಮ್ಮಲ್ಲಿದ್ದರೆ, ಈ ದಾರಿ ಧೈರ್ಯವಾಗಿ ಹಿಡಿಯಬಹುದು. ಕೊನೆಯ ಷರತ್ತು ಮುಖ್ಯ: ಮಹೋಮ್ಸ್ ಇಲ್ಲದ ತಂಡ ತನ್ನ ಏಕೈಕ ತಾರೆಯನ್ನು ಮಾರಿದರೆ ಅದು ಶುದ್ಧ ಪುನರ್ನಿರ್ಮಾಣ, ಮೂರು ವರ್ಷ ಕಾಯಲು ಸಿದ್ಧರಿರಬೇಕು.

ಎರಡನ್ನೂ ಹೊಂದಿಸಿದವರು

2024ರ ಈಗಲ್ಸ್‌ನ ಕೆಲಸ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಮ್ಯಾನೇಜರ್ ಹೋವಿ ರೋಸ್‌ಮನ್ ಮಾರ್ಚ್‌ನಲ್ಲಿ ರನ್ನಿಂಗ್ ಬ್ಯಾಕ್ ಸೇಕ್ವಾನ್ ಬಾರ್ಕ್ಲಿ ಅವರನ್ನು ಮೂರು ವರ್ಷಕ್ಕೆ 3.775 ಕೋಟಿ ಡಾಲರ್‌ಗೆ ತಂದರು. ವರ್ಷಕ್ಕೆ ಸುಮಾರು 1.26 ಕೋಟಿ, ಅದೇ ವರ್ಷ ಮಿನೆಸೋಟದ ರಿಸೀವರ್ ಜಸ್ಟಿನ್ ಜೆಫರ್ಸನ್ ಅವರಿಗೆ ಸಿಕ್ಕಿದ್ದು ವರ್ಷಕ್ಕೆ 3.5 ಕೋಟಿ. ಲೈನ್‌ಬ್ಯಾಕರ್ ಝ್ಯಾಕ್ ಬಾನ್ ಒಂದು ವರ್ಷಕ್ಕೆ ಬರೀ 35 ಲಕ್ಷ ಡಾಲರ್‌ಗೆ ಬಂದರು. ಬಾರ್ಕ್ಲಿ 2,005 ಗಜ ಓಡಿದರು, ಬಾನ್ ಆಲ್-ಪ್ರೋ ಆದರು. ಕಾರ್ನರ್‌ಬ್ಯಾಕ್ ಮಾತ್ರ ದುಬಾರಿ ಸ್ಥಾನ. ಅದನ್ನು ಏಪ್ರಿಲ್‌ಗೆ ಬಿಟ್ಟು 22ನೇ ಪಿಕ್‌ನಲ್ಲಿ ಕ್ವಿನ್ಯನ್ ಮಿಚೆಲ್, 40ನೇ ಪಿಕ್‌ನಲ್ಲಿ ಕೂಪರ್ ಡಿಜೀನ್ ಅವರನ್ನು ಆರಿಸಿದರು. ಆ ಸೀಸನ್ನಿನ ಸೂಪರ್ ಬೌಲ್‌ನ ಎರಡನೇ ಕ್ವಾರ್ಟರ್‌ನಲ್ಲಿ ಮಹೋಮ್ಸ್ ಬಲಕ್ಕೆ ಓಡುತ್ತ ಎಸೆದ ಚೆಂಡನ್ನು ಡಿಜೀನ್ ನಡುವೆ ಹಾರಿ ಹಿಡಿದು 38 ಗಜ ಓಡಿ ಟಚ್‌ಡೌನ್ ಮುಟ್ಟಿಸಿದರು, ಅದೂ ತಮ್ಮ 22ನೇ ಹುಟ್ಟುಹಬ್ಬದ ದಿನ. ಪಂದ್ಯ 40–22. ಒಂದೇ ಬೇಸಿಗೆಯ ಎರಡು ಬಾಜಾರುಗಳಲ್ಲಿ ಎಲ್ಲಿ ಏನು ಅಗ್ಗ ಎಂದು ಬಲ್ಲವರ ಕೆಲಸ ಇದು.

ಇಷ್ಟು ಗಟ್ಟಿ ತಂಡ ಇಲ್ಲದವರಿಗೆ ಅದೇ ವರ್ಷದ ವಾಷಿಂಗ್ಟನ್ ಮಾದರಿ ಹತ್ತಿರ. ಹಿಂದಿನ ವರ್ಷ ನಾಲ್ಕೇ ಗೆಲುವು. ಡೇನಿಯಲ್ಸ್ ಸುತ್ತ ಬಾಬಿ ವ್ಯಾಗ್ನರ್, ಝ್ಯಾಕ್ ಅರ್ಟ್ಸ್‌ರಂಥ ಅನುಭವಿಗಳನ್ನು ಒಂದೊಂದು ವರ್ಷದ ಒಪ್ಪಂದಕ್ಕೆ ತಂದರು. 12 ಗೆಲುವು, ಕಾನ್ಫರೆನ್ಸ್ ಫೈನಲ್. ಕೈಕೊಟ್ಟಿದ್ದರೂ ಮರುವರ್ಷದ ಲೆಕ್ಕಕ್ಕೆ ದೊಡ್ಡ ಬಾಕಿ ಇರುತ್ತಿರಲಿಲ್ಲ.

ಈಗ ನಿಮ್ಮ ತಂಡ

ಕ್ವಾರ್ಟರ್‌ಬ್ಯಾಕ್ ರೂಕಿ ಒಪ್ಪಂದದ ಎರಡನೇ ಅಥವಾ ಮೂರನೇ ವರ್ಷದಲ್ಲಿದ್ದು, ಪ್ಲೇಆಫ್ ಹತ್ತಿರ ಬಂದಿದ್ದರೆ, ಖರ್ಚು ಮಾಡಲು ಇದೇ ಸಮಯ; ಎರಡು ಮೂರು ದೊಡ್ಡ ಒಪ್ಪಂದಕ್ಕೆ ಹಿಂಜರಿಯಬೇಡಿ. ಕ್ವಾರ್ಟರ್‌ಬ್ಯಾಕ್‌ಗೆ ವರ್ಷಕ್ಕೆ 5, 6 ಕೋಟಿ ಹೋಗುತ್ತಿದ್ದರೆ ಬಾಲ್ಟಿಮೋರ್ ಪಾಠವೇ ಪಾಠ: ದುಬಾರಿಯಾಗುವವರನ್ನು ಬಿಟ್ಟುಕೊಡಿ, ಪರಿಹಾರ ಪಿಕ್ ಕೂಡಿಹಾಕಿ, ಮಾರ್ಚ್‌ನಲ್ಲಿ ಬೇರೆಯವರು ಕೈಬಿಟ್ಟವರ ಕಡೆ ಮಾತ್ರ ನೋಡಿ. ಕ್ವಾರ್ಟರ್‌ಬ್ಯಾಕ್ ಇಲ್ಲವೇ ಇಲ್ಲ, ಮುಖ್ಯ ಆಟಗಾರರೆಲ್ಲ ಮೂವತ್ತರ ಆಸುಪಾಸಿನಲ್ಲಿದ್ದಾರೆ ಎಂದರೆ ಸಿದ್ಧ ಕ್ವಾರ್ಟರ್‌ಬ್ಯಾಕ್‌ಗಾಗಿ ಪಿಕ್ ಕೊಡುವುದು ಸರಿ, ಆದರೆ ಉದ್ದನೆಯ ಗ್ಯಾರಂಟಿ ಮಾತ್ರ ಕೊಡಬೇಡಿ. ಕ್ವಾರ್ಟರ್‌ಬ್ಯಾಕೂ ಇಲ್ಲ, ಚೌಕಟ್ಟೂ ಇಲ್ಲ ಎಂದರೆ ಡೆಟ್ರಾಯಿಟ್ ದಾರಿ. ಒಂದು ವರ್ಷದ ಒಪ್ಪಂದಗಳಿಂದ ಗುಂಡಿ ಮುಚ್ಚಿ, ಮೊದಲ ಸುತ್ತಿನಲ್ಲಿ ಹಿಂದಕ್ಕೆ ಸರಿದು ಹೆಚ್ಚು ಪಿಕ್ ಪಡೆಯಿರಿ. ಆದರೆ ಆ ಡ್ರಾಫ್ಟ್‌ನಲ್ಲಿ ನೀವು ನಂಬುವ ಕ್ವಾರ್ಟರ್‌ಬ್ಯಾಕ್ ಇದ್ದರೆ ಹಿಂದಕ್ಕೆ ಸರಿಯಬಾರದು. ಚೀಫ್ಸ್ 2017ರಲ್ಲಿ 27ರಿಂದ 10ಕ್ಕೆ ಏರಿದ್ದು ಮಹೋಮ್ಸ್‌ಗಾಗಿ.

ಮಾರ್ಚ್ ಮಧ್ಯದಲ್ಲಿ ಸುದ್ದಿ ಬಂದಾಗ ಒಪ್ಪಂದದ ಒಟ್ಟು ಮೊತ್ತ ನೋಡಿ ಬೆಚ್ಚುವುದೂ ಬೇಡ, ಹಿಗ್ಗುವುದೂ ಬೇಡ. ಗ್ಯಾರಂಟಿ ಎಷ್ಟು, ಅದು ಯಾವ ವರ್ಷದವರೆಗೆ, ಎರಡನೇ ವರ್ಷದ ಕೊನೆಗೆ ಬಿಟ್ಟರೆ ಎಷ್ಟು ಡೆಡ್ ಮನಿ ಉಳಿಯುತ್ತದೆ, ಈ ಮೂರನ್ನು ನೋಡಿ. ನಾಲ್ಕು ವರ್ಷ ಎಂದು ಬರೆದಿರುವ ಬಹಳಷ್ಟು ಒಪ್ಪಂದಗಳು ನಿಜಕ್ಕೆ ಎರಡು ವರ್ಷದವು. ಇನ್ನು ಡ್ರಾಫ್ಟ್ ಮುಗಿದ ನಂತರದ ಸೋಮವಾರದ ಗಡುವು ದಾಟಿದ ಮೇಲೆ ಸಹಿ ಹಾಕಿದ ಆಟಗಾರರು ಪರಿಹಾರ ಪಿಕ್ ಲೆಕ್ಕಕ್ಕೆ ಬರುವುದಿಲ್ಲ. ನಿಮ್ಮ ತಂಡ ಒಬ್ಬ ಅನುಭವಿ ಕಾರ್ನರ್‌ಬ್ಯಾಕ್‌ಗಾಗಿ ಏಪ್ರಿಲ್ ಪೂರ್ತಿ ಸುಮ್ಮನಿದ್ದರೆ, ಆ ಗಡುವಿಗೇ ಕಾಯುತ್ತಿರಬಹುದು. ಮೇ ಮೊದಲ ವಾರದವರೆಗೆ ತಡೆಯಿರಿ.